ಪಿಕಪ್ ಗಾಡಿಯ ಡೀಸೆಲ್ ಎಲ್ಲಿ ಹೋಗುತ್ತಿದೆ? ಬೆಂಗಳೂರಿನ ರಸ್ತೆಯಲ್ಲಿ ಮೈಲೇಜ್ ಅಳೆಯುವ, ಉಳಿಸುವ ಕ್ರಮ

ಪೀಣ್ಯದಿಂದ ಬೊಮ್ಮಸಂದ್ರಕ್ಕೆ ಒಂದೂಕಾಲು ಟನ್ ಹೊತ್ತು ಹೋಗುವ ಗಾಡಿ ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದರೆ, ಅದೇ ಮಾಡೆಲ್‌ನ ಇನ್ನೊಂದು ಗಾಡಿ ಕಲಾಸಿಪಾಳ್ಯದಲ್ಲಿ ಲೋಡ್ ಮಾಡಿ ಬಸವನಗುಡಿ, ಜಯನಗರದ ಇಪ್ಪತ್ತು ಅಂಗಡಿಗೆ ಸರಕು ಇಳಿಸುತ್ತಾ 9 ಕೊಡಬಹುದು. ಎರಡರ ಎಂಜಿನ್ನೂ ಚೆನ್ನಾಗೇ ಇರುತ್ತದೆ. ಆದರೆ 9 ಬಂದ ಮಾಲೀಕರು ಗಾಬರಿಯಾಗಿ ಗ್ಯಾರೇಜಿಗೆ ಹೋಗಿ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿಸುತ್ತಾರೆ. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೂ ಮೈಲೇಜ್ ಅಲ್ಲೇ ನಿಂತಿರುತ್ತದೆ, ಯಾಕೆಂದರೆ ಡೀಸೆಲ್ ಸೋರುತ್ತಿದ್ದದ್ದು ಎಂಜಿನ್ನಿನಲ್ಲಲ್ಲ, ಸಿಗ್ನಲ್ಲುಗಳಲ್ಲಿ. ಹಾಗಾಗಿ ಮೊದಲು ಸರಿಯಾಗಿ ಅಳೆಯಬೇಕು, ಯಾವ ಬಾಬತ್ತಿಗೆ ಎಷ್ಟು ಡೀಸೆಲ್ ಹೋಗುತ್ತಿದೆ ಎಂದು ಲೀಟರಿನಲ್ಲಿ ಲೆಕ್ಕ ಹಾಕಬೇಕು. ಸ್ಪ್ಯಾನರ್ ಹಿಡಿಯುವುದು ಆಮೇಲೆ.

ಇಲ್ಲಿನ ಲೆಕ್ಕಗಳೆಲ್ಲ ಬೊಲೆರೊ ಪಿಕಪ್, ದೋಸ್ತ್, ಇಂಟ್ರಾ ವಿ30 ಥರದ, ಲೋಡ್ ಸೇರಿ ಸುಮಾರು 3 ಟನ್ ತೂಗುವ ಡೀಸೆಲ್ ಗಾಡಿಗೆ. ಟಾಟಾ ಏಸ್‌ನಂಥ ಚಿಕ್ಕ ಗಾಡಿಗೆ ಸಂಖ್ಯೆಗಳು ಕಡಿಮೆಯಾಗುತ್ತವೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಅಳೆಯುವ ಕ್ರಮ

"ಐನೂರಕ್ಕೆ ಹಾಕಿಸಿದೆ, ಇಷ್ಟು ಕಿಲೋಮೀಟರ್ ಓಡಿತು" ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಮೀಟರ್ ಮುಳ್ಳು ನೋಡಿ ಹೇಳುವುದಂತೂ ಬೇಡವೇ ಬೇಡ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯುವುದೊಂದೇ ದಾರಿ.

1. ಒಂದೇ ಬಂಕ್, ಒಂದೇ ಪಂಪ್ ಆರಿಸಿಕೊಳ್ಳಿ. ಗಾಡಿ ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಲಿ. ಬಂಕಿನ ನೆಲ ಒಂದು ಕಡೆ ವಾಲಿದ್ದರೆ ಟ್ಯಾಂಕ್ ತುಂಬುವ ಮಟ್ಟವೇ ಬದಲಾಗುತ್ತದೆ.
2. ನಾಜಲ್ ತಾನಾಗಿ ಮೊದಲ ಸಲ ಕಟ್ ಆದಾಗ ಅಲ್ಲಿಗೇ ನಿಲ್ಲಿಸಿ. ಡೀಸೆಲ್ ನೊರೆ ಬರುತ್ತದೆ. ನೊರೆ ಇಳಿಸಿ ಇಳಿಸಿ ಇನ್ನೊಂದಿಷ್ಟು ಹಾಕಿಸಿದರೆ ಪ್ರತಿ ಸಲ ಬೇರೆ ಬೇರೆ ಮಟ್ಟ ಆಗುತ್ತದೆ. "ರೌಂಡ್ ಮಾಡ್ಲಾ ಸಾರ್?" ಎಂದು ಕೇಳಿದರೆ ಬೇಡ ಎನ್ನಿ.
3. ಓಡೋಮೀಟರ್ ಸಂಖ್ಯೆ ಬರೆದುಕೊಳ್ಳಿ. ಲೀಟರ್ ಸಂಖ್ಯೆಯನ್ನು ಬಿಲ್ಲಿನಿಂದ, ಪಾಯಿಂಟ್ ಆದಮೇಲಿನ ಎರಡು ಅಂಕಿ ಸಮೇತ ತೆಗೆದುಕೊಳ್ಳಿ.
4. ಟ್ಯಾಂಕ್ ಮುಕ್ಕಾಲು ಖಾಲಿಯಾಗುವ ತನಕ ಓಡಿಸಿ, ಅದೇ ಪಂಪಿಗೆ ಬಂದು ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ತುಂಬಿದ ಲೀಟರಿನಿಂದ ಭಾಗಿಸಿ.
5. ಹೀಗೆ ಮೂರು ಸಲ ಮಾಡಿ, ಮೂರೂ ಸಲದ ಕಿಲೋಮೀಟರ್ ಕೂಡಿಸಿ, ಲೀಟರ್ ಕೂಡಿಸಿ, ಆಮೇಲೆ ಭಾಗಿಸಿ.

ಮುಕ್ಕಾಲು ಖಾಲಿಯಾಗಲಿ ಎನ್ನಲು ಕಾರಣವಿದೆ. ಎಷ್ಟೇ ಎಚ್ಚರ ವಹಿಸಿದರೂ ತುಂಬುವ ಮಟ್ಟದಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆ ಆಗುತ್ತದೆ. 10 ಲೀಟರ್ ಹಾಕಿಸಿ ಅಳೆದರೆ ಆ ಅರ್ಧ ಲೀಟರೇ ಶೇ. 5ರಷ್ಟು ತಪ್ಪು; 40 ಲೀಟರಿಗೆ ಅಳೆದರೆ ಶೇ. 1.25 ಮಾತ್ರ. ಟೈರಿನ ಗಾಳಿ ಸರಿಪಡಿಸಿದ್ದರಿಂದ ಬರುವ ಉಳಿತಾಯವೇ ಶೇ. 2–3 ಇರುವಾಗ ಶೇ. 5 ತಪ್ಪುವ ಅಳತೆಯಿಂದ ಏನು ಗೊತ್ತಾದೀತು?

ಬಂಕಿನ ಮೇಲೆ ಅನುಮಾನವಿದ್ದರೆ ಸುಮ್ಮನೆ ಗೊಣಗಬೇಡಿ, 5 ಲೀಟರ್ ಅಳತೆ ಕೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರ್ ಮಾಪಕ ಪ್ರತಿ ಬಂಕಿನಲ್ಲೂ ಇರಬೇಕು, ಗ್ರಾಹಕ ಕೇಳಿದರೆ ಅದಕ್ಕೆ ಸುರಿದು ತೋರಿಸಬೇಕು. 25 ಮಿಲಿ ಲೀಟರ್‌ವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ. ಕೊರತೆ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ದೂರು ಕೊಡುವ ವಿಷಯ. ಬೆಳಗಿನ ಜಾವ ಹಾಕಿಸಿದರೆ ಡೀಸೆಲ್ ಜಾಸ್ತಿ ಬರುತ್ತದೆ ಎಂಬ ಮಾತನ್ನು ನೆಚ್ಚಿಕೊಂಡು ನಿದ್ದೆಗೆಡಬೇಕಿಲ್ಲ. ಡೀಸೆಲ್ 10 ಡಿಗ್ರಿ ಬಿಸಿಯಾದರೆ ಶೇ. 0.8ರಷ್ಟು ಹಿಗ್ಗುತ್ತದೆ ಎಂಬುದೇನೋ ನಿಜ, ಆದರೆ ಬಂಕಿನ ಟ್ಯಾಂಕ್ ನೆಲದೊಳಗಿರುತ್ತದೆ, ಅದರ ಬಿಸಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೆಚ್ಚೇನೂ ಬದಲಾಗದು.

ಇನ್ನೊಂದು ತಪ್ಪು ಲೆಕ್ಕ ಬಹಳ ಕಡೆ ಕಾಣುತ್ತದೆ. ಲೋಡ್ ಹೊತ್ತು ಹೋಗುವಾಗ 10, ಖಾಲಿ ವಾಪಸ್ಸಾಗುವಾಗ 15. ಹಾಗಾದರೆ ಸರಾಸರಿ 12.5 ಎನ್ನುತ್ತಾರೆ. ಅಲ್ಲ. 30 ಕಿ.ಮೀ. ಹೋಗಲು 3 ಲೀಟರ್, 30 ಕಿ.ಮೀ. ಬರಲು 2 ಲೀಟರ್, ಒಟ್ಟು 60 ಕಿ.ಮೀ.ಗೆ 5 ಲೀಟರ್. ಅಂದರೆ 12. ಬಾಡಿಗೆ ಹೇಳುವಾಗ 12.5 ಹಿಡಿದು ಹೇಳಿದರೆ ಆ ವ್ಯತ್ಯಾಸ ನಿಮ್ಮ ಜೇಬಿನಿಂದ ಹೋಗುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಟ್ರಿಪ್ಪಿನ ಎದುರು ಲೋಡ್ ಎಷ್ಟು, ಖಾಲಿ ಎಷ್ಟು ಕಿ.ಮೀ. ಎಂದು ಬರೆಯಿರಿ. ಲೋಡಿನ ತೂಕ ಅಂದಾಜಿನಲ್ಲಿ ಬೇಡ, ವೇ ಬ್ರಿಡ್ಜ್ ಚೀಟಿ ಇರಲಿ. ಮರಳು, ಕಬ್ಬಿಣ, ಟೈಲ್ಸ್ ಹೊರುವವರ ಅಂದಾಜು ಸುಲಭವಾಗಿ ಮೂರು-ನಾಲ್ಕು ಕ್ವಿಂಟಾಲ್ ತಪ್ಪುತ್ತದೆ.

ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಎನ್ನುವ ದೂರಿಗೂ ಉತ್ತರ ಅಳತೆಯಲ್ಲೇ ಇದೆ. 215/75 ಆರ್15 ಟೈರಿನ ವ್ಯಾಸ ಸುಮಾರು 704 ಮಿ.ಮೀ. ನೆಲಕ್ಕೆ ತಾಗುವ ರಬ್ಬರ್ ಗುಂಡಿ 7 ಮಿ.ಮೀ. ಸವೆದಾಗ ಅದು 690ಕ್ಕೆ ಇಳಿಯುತ್ತದೆ, ಚಕ್ರ ಅದೇ ದೂರಕ್ಕೆ ಶೇ. 2ರಷ್ಟು ಹೆಚ್ಚು ಸುತ್ತುತ್ತದೆ, ಓಡೋಮೀಟರ್ ಶೇ. 2ರಷ್ಟು ಹೆಚ್ಚು ತೋರಿಸುತ್ತದೆ. ಸವೆದ ಟೈರಿನಲ್ಲಿ ಕಂಡ 12 ನಿಜಕ್ಕೂ 11.8 ಇತ್ತು, ಅಷ್ಟೆ. ಇದರ ಮೇಲೆ ಹೊಸ ಟೈರಿನ ಗುಂಡಿ ದಪ್ಪವಿರುವುದರಿಂದ ಉರುಳುವ ಎಳೆತವೂ ಮೊದಮೊದಲು ಸ್ವಲ್ಪ ಹೆಚ್ಚು. ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು 20 ಕಿ.ಮೀ. ಓಡಿಸಿ ನೋಡಿದರೆ ನಿಮ್ಮ ಮೀಟರ್ ಎಷ್ಟು ತಪ್ಪುತ್ತಿದೆ ಎಂದು ತಿಳಿಯುತ್ತದೆ.

ನಿಂತು ಹೊರಡುವುದಕ್ಕೆ ಕಟ್ಟುವ ಬೆಲೆ

ಬೆಂಗಳೂರಿನಲ್ಲಿ ಡೀಸೆಲ್ ಅತಿ ಹೆಚ್ಚು ಸುಡುವುದು ಇಲ್ಲಿ. 3 ಟನ್ ಗಾಡಿಯನ್ನು ನಿಂತಲ್ಲಿಂದ ಗಂಟೆಗೆ 40 ಕಿ.ಮೀ. ವೇಗಕ್ಕೆ ತರಲು ಅದರೊಳಗೆ ತುಂಬಬೇಕಾದ ಶಕ್ತಿ ಸುಮಾರು 185 ಕಿಲೋಜೂಲ್. ಡೀಸೆಲ್‌ನ ಶಕ್ತಿಯಲ್ಲಿ ಶೇ. 30ರಷ್ಟು ಚಕ್ರಕ್ಕೆ ತಲುಪುತ್ತದೆ ಎಂದಿಟ್ಟುಕೊಂಡರೆ, ಅಷ್ಟಕ್ಕೆ 17 ಮಿಲಿ ಲೀಟರ್ ಡೀಸೆಲ್ ಬೇಕು. ಬ್ರೇಕ್ ಒತ್ತಿದ ಕ್ಷಣ ಅದೆಲ್ಲ ಡ್ರಮ್ಮಿನ ಬಿಸಿಯಾಗಿ ಹೋಗುತ್ತದೆ. ಹೀಗೆ 60 ಸಲ ನಿಂತು ಹೊರಟರೆ ಒಂದು ಲೀಟರ್. ಗೊರಗುಂಟೆಪಾಳ್ಯದಿಂದ ಸಿಲ್ಕ್ ಬೋರ್ಡ್‌ವರೆಗೆ ಸಂಜೆ ಆರಕ್ಕೆ ಹೋಗುವವರು ಒಮ್ಮೆ ಎಣಿಸಿ ನೋಡಲಿ.

ಈ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಡೀ ಉಪಾಯವೂ ಅದರಲ್ಲೇ ಇದೆ. 40ಕ್ಕೆ 17 ಮಿಲಿ ಆದರೆ 30ಕ್ಕೆ 10 ಮಿಲಿಗಿಂತ ಕಡಿಮೆ, 50ಕ್ಕೆ 27. ಮುಂದಿನ ಸಿಗ್ನಲ್ 300 ಮೀಟರ್ ದೂರದಲ್ಲಿ ಕೆಂಪಾಗಿ ಕಾಣುತ್ತಿರುವಾಗ 50ಕ್ಕೆ ಎಳೆದು ಹೋಗಿ ಬ್ರೇಕ್ ಹಾಕುವವರಿಗೂ, 30ರಲ್ಲಿ ಉರುಳಿಕೊಂಡು ಹೋಗುವವರಿಗೂ ಸಿಗ್ನಲ್ ಒಂದೇ ಹೊತ್ತಿಗೆ ಹಸಿರಾಗುತ್ತದೆ. ಡೀಸೆಲ್ ಮಾತ್ರ ಸುಮಾರು ಮೂರು ಪಟ್ಟು ವ್ಯತ್ಯಾಸ. ಹಂಪ್ಸ್ ಕೂಡ ಇದೇ ಲೆಕ್ಕ. 40ರಿಂದ 10ಕ್ಕೆ ಇಳಿದು ಮತ್ತೆ 40ಕ್ಕೆ ಏರಿದರೆ ಪೂರ್ತಿ ನಿಂತು ಹೊರಟಷ್ಟೇ ಖರ್ಚು ಎನ್ನಬಹುದು. ಹಂಪ್ಸ್ ಸಾಲಾಗಿರುವ ಬಡಾವಣೆಯ ರಸ್ತೆಯಲ್ಲಿ ನಡುವೆ 20–25 ದಾಟಬೇಡಿ.

ಸಿಗ್ನಲ್ ಕೆಂಪು ಕಂಡ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಗೇರಿನಲ್ಲೇ ಇರಿ, ಕ್ಲಚ್ ಒತ್ತಬೇಡಿ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಡೀಸೆಲ್ ಎಂಜಿನ್ನಿಗೆ ಆಗ ಡೀಸೆಲ್ ಪೂರ್ತಿ ನಿಂತು ಹೋಗುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿಜಾರಿನಲ್ಲಿ ಬಿಡುವವರು ಉಳಿಸುತ್ತಿದ್ದೇವೆ ಅಂದುಕೊಂಡು ಐಡ್ಲಿಂಗಿಗೆ, ಅಂದರೆ ಎಂಜಿನ್ ಸುಮ್ಮನೆ ಓಡುವುದಕ್ಕೆ, ಡೀಸೆಲ್ ಸುಡುತ್ತಿರುತ್ತಾರೆ. ಅದಕ್ಕಿಂತ ಮುಖ್ಯ, ಲೋಡ್ ಗಾಡಿಯನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಬಿಟ್ಟರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಜೀವದ ಪ್ರಶ್ನೆ ಅದು, ದಯವಿಟ್ಟು ಬಿಟ್ಟುಬಿಡಿ.

ಎರಡೂವರೆ ಲೀಟರ್ ಎಂಜಿನ್ ಸುಮ್ಮನೆ ನಿಂತು ಓಡಿದರೆ ಗಂಟೆಗೆ ಅಂದಾಜು 0.7 ಲೀಟರ್ ಕುಡಿಯುತ್ತದೆ; ನಿಮಿಷಕ್ಕೆ ಸುಮಾರು 12 ಮಿಲಿ. ಒಂದೂವರೆ ನಿಮಿಷದ ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡದಿದ್ದರೆ, ಇನ್ನೊಂದು ಸಲ 40ಕ್ಕೆ ಏರುವಷ್ಟು ಡೀಸೆಲ್ ಹೋಯಿತು. ಟೈಮರ್ 30 ಸೆಕೆಂಡಿಗಿಂತ ಹೆಚ್ಚು ತೋರಿಸಿದರೆ ಆಫ್ ಮಾಡಿ, ಬ್ಯಾಟರಿ ಮತ್ತು ಸ್ಟಾರ್ಟರ್ ಚೆನ್ನಾಗಿದ್ದರೆ. ಯಶವಂತಪುರ ಎಪಿಎಂಸಿಯಲ್ಲಿ ಲೋಡಿಂಗ್ ಸರದಿಗೆ ಕಾಯುವಾಗ ಎಸಿ, ಫ್ಯಾನ್ ಎಂದು ಒಂದು ಗಂಟೆ ಎಂಜಿನ್ ಬಿಟ್ಟಿದ್ದರೆ ಆ ಟ್ರಿಪ್ಪಿನ ಮೈಲೇಜ್ ಅಳೆಯುವುದೇ ವ್ಯರ್ಥ. ಹೆದ್ದಾರಿಯಲ್ಲಿ ಎಳೆದುಕೊಂಡು ಬಂದು ನಿಂತಾಗ ಮಾತ್ರ ಒಂದು ನಿಮಿಷ ಐಡ್ಲಿಂಗ್ ಬಿಡಿ, ಟರ್ಬೊ ತಣಿಯಲು ಅದು ಬೇಕು.

ಊರೊಳಗೆ ಹೋಗುವುದೋ, ಟೋಲ್ ಕಟ್ಟಿ ಊರಾಚೆಯ ನೈಸ್ ರಸ್ತೆ ಹಿಡಿಯುವುದೋ ಎಂಬ ಪ್ರಶ್ನೆಗೂ ಇದೇ ಲೆಕ್ಕ ಅನ್ವಯಿಸಿ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ನೈಸ್‌ನಲ್ಲಿ ಸುಮಾರು 40 ಕಿ.ಮೀ., ಊರೊಳಗೆ ಸುಮಾರು 30. ಲೀಟರಿಗೆ 13ರಂತೆ ನೈಸ್‌ನಲ್ಲಿ 3.1 ಲೀಟರ್. ಊರೊಳಗೆ 2.3 ಲೀಟರ್, ಜೊತೆಗೆ 60 ಸಲ ನಿಂತು ಹೊರಟಿದ್ದಕ್ಕೆ 1 ಲೀಟರ್, 40 ನಿಮಿಷ ಐಡ್ಲಿಂಗಿಗೆ ಅರ್ಧ ಲೀಟರ್, ಒಟ್ಟು 3.8. ಉಳಿದದ್ದು 0.7 ಲೀಟರ್, ಲೀಟರಿಗೆ ₹90 ಹಿಡಿದರೆ ₹63. ಟೋಲ್ ಅದಕ್ಕಿಂತ ಎಷ್ಟೋ ಹೆಚ್ಚು. ಡೀಸೆಲ್ ಉಳಿಯುತ್ತದೆ ಎಂದು ನೈಸ್ ಹಿಡಿಯಬೇಡಿ. ಅಲ್ಲಿ ಸಿಗುವುದು ಸಮಯ, ಕ್ಲಚ್ ಪ್ಲೇಟಿನ ಆಯುಸ್ಸು, ದಿನಕ್ಕೆ ಇನ್ನೊಂದು ಟ್ರಿಪ್. ಆ ಟ್ರಿಪ್ ನಿಮಗೆ ಸಿಗುವುದಾದರೆ ಮಾತ್ರ ಟೋಲ್ ಲಾಭ.

ಹೆದ್ದಾರಿಯಲ್ಲಿ: ವೇಗ, ಎತ್ತರ

ಗಾಳಿಯ ಎಳೆತವೂ ವೇಗದ ವರ್ಗದಂತೆಯೇ. 60ರಿಂದ 80ಕ್ಕೆ ಹೋದರೆ ಅದು 1.78 ಪಟ್ಟು. ಕ್ಯಾಬಿನ್ನಿಗಿಂತ ಎತ್ತರಕ್ಕೆ ಲೋಡ್ ಕಟ್ಟಿದ 3 ಟನ್ ಗಾಡಿಗೆ ಟೈರಿನ ಎಳೆತವನ್ನೂ ಕೂಡಿಸಿ ಲೆಕ್ಕ ಹಾಕಿದರೆ, ಪ್ರತಿ ಕಿಲೋಮೀಟರಿಗೆ ಅಂದಾಜು ಶೇ. 40ರಷ್ಟು ಹೆಚ್ಚು ಕೆಲಸ. ನೆಲಮಂಗಲದಿಂದ ತುಮಕೂರಿಗೆ ಉಳಿಯುವ ಸಮಯ ಹತ್ತು-ಹನ್ನೆರಡು ನಿಮಿಷ. ಟಾಪ್ ಗೇರಿನಲ್ಲಿ 55–60 ಒಳ್ಳೆಯ ವೇಗ. ಲೋಡನ್ನು ಎತ್ತರಕ್ಕೆ ಪೇರಿಸುವ ಬದಲು ಉದ್ದಕ್ಕೆ ಹರಡಿ. ಟಾರ್ಪಾಲನ್ನು ಪಟಪಟ ಬಡಿಯದಂತೆ ಬಿಗಿಯಾಗಿ ಕಟ್ಟಿ. ಖಾಲಿ ಬರುವಾಗ ಅದನ್ನು ಮಡಿಚಿ ಒಳಗಿಡಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಚೆನ್ನೈ ಬಾಡಿಗೆ ಹೇಳುವವರು ಮರೆಯುತ್ತಾರೆ. 3 ಟನ್ನನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು ಎರಡೂವರೆ ಲೀಟರ್ ಡೀಸೆಲ್ ಬೇಕು. ಇಲ್ಲಿಂದ ಲೋಡ್, ಅಲ್ಲಿಂದ ಖಾಲಿ ಆದರೆ ಅಷ್ಟಾಗಿ ತಿಳಿಯುವುದಿಲ್ಲ. ಖಾಲಿ ಇಳಿದು ಲೋಡ್ ಏರಿಸಿಕೊಂಡು ಬರುವ ಬಾಡಿಗೆಗೆ ಅದನ್ನು ಸೇರಿಸಿಯೇ ದರ ಹೇಳಿ. ಮೈಲೇಜ್ ಅಳೆಯುವಾಗಲೂ ಹೋಗಿ-ಬಂದದ್ದನ್ನು ಸೇರಿಸಿ ಅಳೆಯಬೇಕು, ಒಂದು ಕಡೆಯದ್ದು ಮಾತ್ರ ನೋಡಿದರೆ ಎಂಜಿನ್ ಬಗ್ಗೆ ಏನೂ ತಿಳಿಯದು.

ಗಾಡಿಯಲ್ಲಿ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು

ಖರ್ಚಿಲ್ಲದ್ದರಿಂದ ಶುರು ಮಾಡಿ. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಮತ್ತೆ ಅಳೆಯಿರಿ. ನಾಲ್ಕನ್ನು ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಲಾಭವಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಟೈರಿನ ಗಾಳಿ: ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಲೋಡಿಗೆ ಬೇರೆ, ಖಾಲಿಗೆ ಬೇರೆ, ಮುಂದೆ ಬೇರೆ, ಹಿಂದೆ ಬೇರೆ ಒತ್ತಡ ಬರೆದಿರುತ್ತದೆ. ಅದನ್ನೇ ಹಿಡಿಯಿರಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನಿಮ್ಮದೇ ಗೇಜಿನಿಂದ ನೋಡಿ, ಪಂಕ್ಚರ್ ಅಂಗಡಿಯ ಗೇಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಅದನ್ನು ಕಂಡು ಗಾಳಿ ಬಿಡಬೇಡಿ. ತಣ್ಣಗಾದ ಮೇಲೆ ಕಮ್ಮಿಯಾಗಿರುತ್ತದೆ.

ಬ್ರೇಕ್ ಹಿಡಿದುಕೊಂಡಿರುವುದು: ಮೈಲೇಜ್ ಇದ್ದಕ್ಕಿದ್ದಂತೆ ಬಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಹತ್ತು ಕಿಲೋಮೀಟರ್ ಬ್ರೇಕ್ ಆದಷ್ಟು ಕಡಿಮೆ ಬಳಸಿ ಓಡಿಸಿ, ಗೇರ್ ಇಳಿಸುತ್ತಾ ನಿಧಾನ ನಿಲ್ಲಿಸಿ, ನಾಲ್ಕೂ ಚಕ್ರದ ಡ್ರಮ್, ಡಿಸ್ಕ್ ಬಳಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಎಡ-ಬಲಗಳ ನಡುವೆ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಸಿ ಇರುವ ಕಡೆ ಲೈನರ್ ಉಜ್ಜುತ್ತಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಬರಿಗೈ ಇಡಬೇಡಿ, ಸುಡುತ್ತದೆ. ಹಿಂದಿನ ಎರಡೂ ಬಿಸಿಯಾಗಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿದೆಯೇ ನೋಡಿ. ಮಳೆಗಾಲದ ಕೆಸರು ಒಣಗಿ ಕೇಬಲ್ ಒಳಗೇ ತುಕ್ಕು ಹಿಡಿದು ವಾಪಸ್ ಬರದೆ ಇರುವುದು ಸಾಮಾನ್ಯ.

ಥರ್ಮೋಸ್ಟಾಟ್: ಎಂಜಿನ್ ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಇದು. ಗಾಡಿ ಬಿಸಿಯಾಗುತ್ತದೆ ಎಂದು ಕೆಲವು ಗ್ಯಾರೇಜಿನಲ್ಲಿ ಅದನ್ನೇ ಕಿತ್ತು ಬಿಡುತ್ತಾರೆ. ಇದು ದೊಡ್ಡ ತಪ್ಪು. ಎಂಜಿನ್ ಬಿಸಿಯಾಗದೆ ಇದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇನ್ನೂ ತಣ್ಣಗಿದೆ ಎಂದು ತಿಳಿದು ಹೆಚ್ಚು ಡೀಸೆಲ್ ಕೊಡುತ್ತಲೇ ಇರುತ್ತದೆ, ಎಣ್ಣೆಯೂ ಗಟ್ಟಿಯಾಗಿಯೇ ಉಳಿಯುತ್ತದೆ. ಪರೀಕ್ಷೆ ಸುಲಭ: ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟುತ್ತಿರಿ. ಮೊದಲ ಕೆಲವು ನಿಮಿಷ ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ವಾಲ್ವ್ ಸರಿ. ಶುರುವಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ವಾಲ್ವ್ ತೆರೆದೇ ನಿಂತಿದೆ ಅಥವಾ ಇಲ್ಲವೇ ಇಲ್ಲ. ಫ್ಯಾನ್, ಬೆಲ್ಟ್ ತಾಗದಂತೆ ಎಚ್ಚರ.

ಪಿಕಪ್ (ವೇಗ ಏರುವ ಚುರುಕು) ಕಮ್ಮಿ, ಕಪ್ಪು ಹೊಗೆ, ಎಳೆದಾಗ ಸುಯ್ ಎಂಬ ಶಿಳ್ಳೆ: ಟರ್ಬೊದಿಂದ, ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಸೀಳಿದೆ. ಹೋಸಿನ ಕೆಳಗಡೆ, ಕ್ಲಿಪ್ಪಿನ ಹತ್ತಿರ ಎಣ್ಣೆಯ ಒದ್ದೆ ಹುಡುಕಿ. ಬೇಕಾದ ಹೋಸ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಗು ಒಂದಿಷ್ಟು ಬೇರೆಯಾದರೂ ಎರಡು ತಿಂಗಳಲ್ಲಿ ಮತ್ತೆ ಸೀಳುತ್ತದೆ.

ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗೆ ಬದಲಿಸಿ, ಧೂಳಿನ ಸೈಟಿಗೆ ಹೋಗುವ ಗಾಡಿಗೆ ಅದಕ್ಕೂ ಮುಂಚೆ. ಗಾಳಿ ಹಾಕಿ ಊದುವುದಾದರೆ ಒಳಗಿನಿಂದ ಹೊರಕ್ಕೆ. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿ. ಅಲೈನ್‌ಮೆಂಟ್ ತಿಳಿಯಲು ಟೈರಿನ ಮೇಲೆ ಅಡ್ಡಲಾಗಿ ಅಂಗೈ ಸವರಿ: ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಡೆದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಕ್ಲಚ್ಚಿಗೆ: ಟಾಪ್ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಪೂರ್ತಿ ಆಕ್ಸಿಲರೇಟರ್ ಒತ್ತಿ, ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಜಾರುತ್ತಿದೆ.

ಇಂಜೆಕ್ಟರ್ ಸರದಿ ಇಷ್ಟೆಲ್ಲ ಆದಮೇಲೆ. ಆಗಲೂ ಬಿಚ್ಚುವ ಮುನ್ನ ರಿಟರ್ನ್ ಲೀಕ್ ಪರೀಕ್ಷೆ ಕೇಳಿ: ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಅಳತೆ ಬಾಟಲಿ ಕಟ್ಟಿ, ಎಂಜಿನ್ ಐಡ್ಲಿಂಗ್ ಬಿಟ್ಟು, ಯಾವುದು ಬೇಗ ತುಂಬುತ್ತದೆ ನೋಡುವುದು. ಉಳಿದವುಗಳ ಎರಡರಷ್ಟು ತುಂಬಿದ್ದೇ ಕೆಟ್ಟದ್ದು. ಅದೊಂದನ್ನು ಮಾತ್ರ ರಿಪೇರಿಗೆ ಕಳಿಸಿದರೆ ಸಾಕು, ಎಲ್ಲವನ್ನೂ ಬದಲಿಸಿ ಎನ್ನುವವರ ಮಾತು ಕೇಳಬೇಡಿ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಕೊಂಡರೆ ದುಡ್ಡು ದಂಡ.

ಬಿಎಸ್6 ಗಾಡಿಯ ವಿಶೇಷ

2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್6 ನಿಯಮ ಜಾರಿಯಾದ ಮೇಲೆ ಬಂದ ಅನೇಕ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ. ನಿಮ್ಮದರಲ್ಲಿ ಇದೆಯೇ ಎಂದು ಕೈಪಿಡಿ ನೋಡಿ. ಮಸಿ ತುಂಬಿದಾಗ ಇಸಿಯು ಹೆಚ್ಚುವರಿ ಡೀಸೆಲ್ ಹಾಕಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಆಗ ಐಡ್ಲಿಂಗ್ ಸ್ವಲ್ಪ ಏರುತ್ತದೆ, ಫ್ಯಾನ್ ಜೋರಾಗುತ್ತದೆ, ಬಿಸಿ ವಾಸನೆ ಬರುತ್ತದೆ. ಅದು ಮುಗಿಯುವ ಮುನ್ನ ಎಂಜಿನ್ ಆಫ್ ಮಾಡಿದರೆ ಸುಟ್ಟ ಡೀಸೆಲ್ ದಂಡ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಸಿಗ್ನಲ್ಲಿನಲ್ಲಿ ಆಫ್ ಮಾಡಬೇಕೆಂಬ ಮೇಲಿನ ಮಾತು ಈ ಹೊತ್ತಿಗೆ ಮಾತ್ರ ಅನ್ವಯಿಸದು.

ಎರಡು-ಮೂರು ಕಿಲೋಮೀಟರಿನ ತುಣುಕು ಟ್ರಿಪ್ಪುಗಳಲ್ಲೇ ದಿನ ಕಳೆಯುವ ಗಾಡಿಯಲ್ಲಿ ಈ ಸುಡುವ ಕೆಲಸ ಮುಗಿಯುವುದೇ ಇಲ್ಲ. ಅಂಥ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಬಳ್ಳಾರಿ ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಇಪ್ಪತ್ತು-ಇಪ್ಪತ್ತೈದು ನಿಮಿಷ ನಿಲ್ಲಿಸದೆ, ಒಂದು ಗೇರ್ ಕಡಿಮೆಯಲ್ಲಿ, 2000 ಆರ್‌ಪಿಎಂ ಮೇಲಿರುವಂತೆ ಓಡಿಸಿ. ಆ ದಿನ ಮೈಲೇಜ್ ಬೀಳುತ್ತದೆ, ಅದನ್ನು ಲೆಕ್ಕದಿಂದ ಬೇರೆ ಇಡಿ. ಎಂಜಿನ್ ಎಣ್ಣೆಯ ಮಟ್ಟ ತೋರಿಸುವ ಡಿಪ್‌ಸ್ಟಿಕ್ಕನ್ನೂ ವಾರಕ್ಕೊಮ್ಮೆ ನೋಡಿ. ಎಣ್ಣೆ ಕಮ್ಮಿಯಾಗುವುದಕ್ಕಿಂತ ಇಲ್ಲಿ ಜಾಸ್ತಿಯಾಗುವುದೇ ಅಪಾಯದ ಸುಳಿವು: ಅರ್ಧಕ್ಕೆ ನಿಂತ ಸುಡುವಿಕೆಗಳ ಡೀಸೆಲ್ ಸಿಲಿಂಡರ್ ಗೋಡೆ ಜಾರಿ ಎಣ್ಣೆಗೆ ಸೇರುತ್ತಿದೆ. ಮೇಲಿನ ಗೆರೆ ದಾಟಿದ್ದರೆ, ಡೀಸೆಲ್ ವಾಸನೆ ಬಂದರೆ, ಸರ್ವಿಸಿಗೆ ಇನ್ನೂ ಸಾವಿರಾರು ಕಿಲೋಮೀಟರ್ ಬಾಕಿ ಇದ್ದರೂ ಎಣ್ಣೆ ಬದಲಿಸಿ, ಕೈಪಿಡಿ ಹೇಳಿದ ಗ್ರೇಡಿನ ಲೋ-ಆ್ಯಶ್ (ಸುಟ್ಟಾಗ ಬೂದಿ ಕಡಿಮೆ ಬಿಡುವ) ಎಣ್ಣೆಯನ್ನೇ ಹಾಕಿಸಿ.